ಸೀಸದ ಕಣ್ಣಿನ ಹುಸಿಮೀನು

ಕಳೆದ ಸಂಚಿಕೆಯಲ್ಲಿ ನಾವು ಬಾಳೆಯ ಪಟ್ಟೆಯಿಂದ ನಾರನ್ನು ಬಿಡಿಸಿ ಹದಗೊಳಿಸುವ ಕ್ರಮವನ್ನು ಕುರಿತು ಬರೆದಿದ್ದೆವು. ಅದನ್ನೋದಿದ ವಾಚಕರು ಈ ತಿಂಗಳೂ ಅಂತಹುದೇ ಒಂದು ಗೃಹಕೃತ್ಯವನ್ನು ನಿರೀಕ್ಷಿಸಿಕೊಂಡಿದ್ದರೆ ನಮ್ಮನ್ನು ಮನ್ನಿಸಬೇಕು. ಈ ಸಲ ನಾವು ಹೇಳಹೊರಟಿರುವುದು ಉಪ್ಪುನೀರಿನ ಮೀನನ್ನು ವಂಚಿಸುವುದಕ್ಕಾಗಿ ಜಿಂಕೆಯ ಬಾಲದ ಕೂದಲಿನಿಂದಲೂ ಲೋಹದ ಗುಂಡುಗಳಿಂದಲೂ ಕಟ್ಟುವ ಹುಸಿಮೀನಿನ ವಿಷಯವನ್ನು. ಮೂವತ್ತಾರು ವರ್ಷ ಮಕ್ಕಳಿಗೆ ಶಬ್ದರೂಪಗಳನ್ನೂ ಸಂಧಿಗಳನ್ನೂ ಹೇಳಿಕೊಟ್ಟು ನಿವೃತ್ತರಾದವರಿಗೆ, ಅದರಲ್ಲಿಯೂ ಮೀನೆಂಬುದನ್ನು ಹೊಸ್ತಿಲು ದಾಟಿಸದ ಮನೆಯಲ್ಲಿ ಹುಟ್ಟಿ ಬೆಳೆದವರಿಗೆ, ಈ ವಿದ್ಯೆ ಎಲ್ಲಿಂದ ಬಂತೆಂದು ಕೇಳುವುದು ನ್ಯಾಯವೇ ಸರಿ. ಬಾಳೆಯ ನಾರಿಗೂ ಇದಕ್ಕೂ ಸಂಬಂಧವುಂಟೆಂಬುದು ಮುಂದೆ ತಿಳಿಯುವುದು.

2024ನೆಯ ಇಸವಿಯ ಸೆಪ್ಟೆಂಬರು ತಿಂಗಳಲ್ಲಿ ನಾವು ಪತ್ನೀಸಮೇತರಾಗಿ ಅಮೆರಿಕಾ ಸಂಯುಕ್ತ ಸಂಸ್ಥಾನದ ಮೇರಿಲೆಂಡ್ ಪ್ರಾಂತದಲ್ಲಿರುವ ಮಗಳ ಮನೆಗೆ ಹೋಗಿ ಮೂರು ತಿಂಗಳು ಇದ್ದೆವು. ಅವಳ ಮಗನಿಗೆ ಆಗ ಹನ್ನೊಂದು ವರ್ಷ. ಹುಡುಗನಿಗೆ ಕನ್ನಡ ಅರ್ಥವಾಗುತ್ತದೆ; ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ಸಂಜೆಗೊಂದು ಸುಭಾಷಿತವನ್ನಾದರೂ ಬಾಯಿಪಾಠ ಮಾಡಿಸೋಣವೆಂದು ಹೊರಟ ನಾವು ಎರಡೇ ದಿನಗಳಲ್ಲಿ ಸೋತೆವು. ಅವನು ಅವಿಧೇಯನಲ್ಲ, ಕೈಕಟ್ಟಿಕೊಂಡು ಎದುರಿಗೆ ಕುಳಿತಿರುತ್ತಿದ್ದನು. ಕಣ್ಣು ಮಾತ್ರ ಮೂಲೆಯ ಮೇಜಿನ ಮೇಲಿರುತ್ತಿತ್ತು. ಮೂರನೆಯ ದಿನ ನಾವು ಪುಸ್ತಕವನ್ನು ಮುಚ್ಚಿ, 'ಆ ಮೇಜಿನ ಮೇಲೆ ಏನಿದೆ ಮಗು?' ಎಂದು ಕೇಳಿದೆವು. ಆ ಪ್ರವಾಸದಲ್ಲಿ ನಾವು ಮಾಡಿದ ಜಾಣತನದ ಕೆಲಸವೆಂದರೆ ಅದೊಂದೇ.

ಮೇಜಿನ ಅಂಚಿಗೆ ಬಿಗಿದಿದ್ದ ಒಂದು ಪುಟ್ಟ ಇಕ್ಕಳ. ಅದರ ಬಾಯಲ್ಲಿ ಹೊಳೆಯುವ ಗಾಳ. ಹೊಲಿಗೆಯ ಯಂತ್ರದಲ್ಲಿರುವಂತಹ ನೂಲಿನ ಬಾಬಿನ್ನುಗಳು. ಗಿಳಿಹಸುರಿಗೂ ಹಳದಿಗೂ ನಡುವಣ ಬಣ್ಣವನ್ನು ಅದ್ದಿದ ಒಂದು ಜಿಂಕೆಯ ಬಾಲ, ಬಣ್ಣ ಹಾಕದ ಬಿಳಿಯದು ಇನ್ನೊಂದು. ಕಲಾಬತ್ತಿನಂತೆ ಮಿನುಗುವ ಎಳೆಗಳು. ಒಂದು ತಗಡಿನ ಡಬ್ಬಿಯಲ್ಲಿ ಜೋಡಿ ಜೋಡಿಯಾದ ಸೀಸದ ಗುಂಡುಗಳು. ಎರಡು ಗುಂಡುಗಳ ನಡುವೆ ಸಣ್ಣ ಸೊಂಟ. ಅವುಗಳನ್ನು ಡಂಬೆಲ್ ಎನ್ನುತ್ತಾರೆಂದು ಹುಡುಗನು ಹೇಳಿದನು. ನಮಗೆ ಅವು ಡಮರುಗದ ಮರಿಗಳಂತೆ ಕಂಡವು, ಹಾಗೆಂದು ಹೇಳಿದೆವು. ಡಮರುಗವೆಂದರೇನೆಂದು ಅವನು ಕೇಳಿದನು. ಹೀಗೆ ಮಾತು ಸಾಗಿತು.

ವಾಚಕರಿಗೆ ಮೊದಲು ಈ ಬಗೆಯ ಮೀನುಗಾರಿಕೆಯ ತತ್ತ್ವವನ್ನು ತಿಳಿಸಬೇಕು. ನಮ್ಮ ಕೆರೆಯ ಏರಿಯ ಮೇಲೆ ಹುಡುಗರು ಗಾಳ ಹಾಕುವುದನ್ನು ಎಲ್ಲರೂ ಕಂಡಿದ್ದಾರೆ. ದೂರ ಎಸೆಯಬೇಕಾದರೆ ದಾರಕ್ಕೆ ಕಲ್ಲನ್ನೋ ಸೀಸದ ಗುಂಡನ್ನೋ ಕಟ್ಟುತ್ತಾರೆ. ಆ ಭಾರವು ದಾರವನ್ನು ಎಳೆದುಕೊಂಡು ಹೋಗುತ್ತದೆ. ಹುಸಿನೊಣದ ಮೀನುಗಾರಿಕೆಯಲ್ಲಿ ಇದು ತಿರುವುಮುರುವು. ಗಾಳಕ್ಕೆ ಕಟ್ಟಿದ ಗರಿಯೋ ಕೂದಲೋ ಊದಿದರೆ ಹಾರುವಷ್ಟು ಹಗುರ, ಭಾರವಿರುವುದು ದಾರದಲ್ಲಿ. ಒಂಬತ್ತಡಿಯ ಬಳುಕುವ ಕೋಲಿನಿಂದ ಆ ದಪ್ಪ ದಾರವನ್ನು ಹಿಂದಕ್ಕೂ ಮುಂದಕ್ಕೂ ಬೀಸಿದರೆ ಅದು ಚಾವಟಿಯಂತೆ ಸುರುಳಿ ಬಿಚ್ಚಿಕೊಳ್ಳುತ್ತ ಹೋಗಿ, ತುದಿಯಲ್ಲಿರುವ ನೊಣವನ್ನು ನೀರಿನ ಮೇಲೆ ಇಳಿಸುತ್ತದೆ. ಎಸೆಯುವುದು ದಾರವನ್ನು, ನೊಣವು ಅದರ ಬೆನ್ನುಹತ್ತಿ ಹೋಗುವ ಪ್ರಯಾಣಿಕ ಮಾತ್ರ.

ಈ ಉಪಾಯವು ಹಳೆಯದು. ಕ್ರಿಸ್ತಶಕ 200ರ ಸುಮಾರಿನಲ್ಲಿದ್ದ ಏಲಿಯನ್ ಎಂಬ ರೋಮನ್ ಗ್ರಂಥಕರ್ತನು, ಮ್ಯಾಸಿಡೋನಿಯಾದ ಬೆಸ್ತರು ಗಾಳಕ್ಕೆ ಕೆಂಪು ಉಣ್ಣೆಯನ್ನು ಸುತ್ತಿ, ಹುಂಜದ ಎರಡು ಗರಿಗಳನ್ನು ಕಟ್ಟಿ ಮೀನು ಹಿಡಿಯುತ್ತಿದ್ದರೆಂದು ಬರೆದಿಟ್ಟಿದ್ದಾನೆ. ನಮ್ಮ ಕಡೆಯಲ್ಲಿ ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು 1130ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ, ವಿನೋದಗಳನ್ನು ಹೇಳುವ ನಾಲ್ಕನೆಯ ವಿಂಶತಿಯೊಳಗೆ, ಮತ್ಸ್ಯವಿನೋದವೆಂಬುದೇ ಒಂದು ಅಧ್ಯಾಯ. ಸಮುದ್ರದ ಮೀನುಗಳಾವುವು, ನದಿಯ ಮೀನುಗಳಾವುವು, ಯಾವುದಕ್ಕೆ ಯಾವ ಆಹಾರ ಪ್ರಿಯ, ಗಾಳವೂ ದಾರವೂ ಹೇಗಿರಬೇಕು ಎಂಬುದನ್ನೆಲ್ಲ ಆ ರಾಜನು ವಿಚಾರಿಸಿದ್ದಾನೆ. ವಿದ್ಯಾರ್ಥಿದೆಸೆಯಲ್ಲಿ ಆ ಗ್ರಂಥವನ್ನೋದುವಾಗ ಈ ಅಧ್ಯಾಯವು ಬಂದಾಗಲೆಲ್ಲ ನಾವು ಹಾಳೆಗಳನ್ನು ಮಗುಚಿ ಮುಂದೆ ಹೋಗುತ್ತಿದ್ದೆವು. ಅದರ ಫಲವಾಗಿ, ಮೊಮ್ಮಗನು 'ನಮ್ಮ ದೇಶದಲ್ಲಿ ಇದರ ಪುಸ್ತಕವಿದೆಯೇ?' ಎಂದು ಕೇಳಿದಾಗ ಹೆಸರನ್ನು ಹೇಳಿ ಸುಮ್ಮನಾಗಬೇಕಾಯಿತು. ಓದದೆ ಬಿಟ್ಟ ಹಾಳೆಗಳು ಹೀಗೆ ಎಲ್ಲಿಯೋ ಕಾದು ಕುಳಿತಿರುತ್ತವೆ.

ಒಂದು ಶಬ್ದದ ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಹಳೆಯ ಉಪಾಧ್ಯಾಯರ ಚಾಳಿ ಬೇಗನೆ ಬಿಡುವುದಿಲ್ಲ. ಸಂಸ್ಕೃತದಲ್ಲಿ ಆಮಿಷವೆಂದರೆ ಮಾಂಸ. ಗಾಳಕ್ಕೆ ಮಾಂಸವನ್ನು ಚುಚ್ಚಿ ಮೀನನ್ನು ಕರೆಯುವುದರಿಂದ ಮರುಳುಗೊಳಿಸುವ ವಸ್ತುವಿಗೂ ಅದೇ ಹೆಸರಾಯಿತು. ಕನ್ನಡದಲ್ಲಿ ಈ ಎರಡನೆಯ ಅರ್ಥವೇ ನಿಂತಿತು. ಹಾಗಾದರೆ ಮಾಂಸದ ಸೋಂಕಿಲ್ಲದೆ ಕೂದಲಿನಿಂದ ಕಟ್ಟಿದ ಈ ಆಮಿಷವು ನಿರಾಮಿಷವಾದ ಆಮಿಷವೆಂದು ನಾವು ಮಗಳೊಡನೆ ಹಾಸ್ಯವಾಡಿದೆವು. ಅವಳು ನಗಲಿಲ್ಲ. ಮನೆಯಲ್ಲಿ ಈ ಹವ್ಯಾಸವು ಎಷ್ಟು ಮಾತಿಗೆ ಕಾರಣವಾಗಿದ್ದಿತೆಂಬುದು ಆಗ ನಮಗೆ ತಿಳಿಯದು.

ಇನ್ನು ಭಾರದ ಮಾತು. ಚೆಸಪೀಕ್ ಕೊಲ್ಲಿಯಲ್ಲಿ ಪಟ್ಟೆಬಾಸ್ ಎಂಬ ಮೀನುಂಟು. ಬೆಳ್ಳಿಯ ಮೈಯ ಉದ್ದಕ್ಕೂ ಏಳೆಂಟು ಕರಿಯ ಗೆರೆಗಳು. ಮೇರಿಲೆಂಡಿನವರು ಇದನ್ನು ರಾಕ್‌ಫಿಶ್ ಎನ್ನುತ್ತಾರೆ. ಇದು ಬಾಲವಿರುವ ಸಣ್ಣ ಮೀನುಗಳನ್ನು ತಿಂದು ಬದುಕುವಂತಹುದು. ನೊಣವನ್ನು ತೋರಿಸಿದರೆ ಬಾರದು, ಮೀನಿನಂತಹುದನ್ನೇ ತೋರಿಸಬೇಕು. ಅದೇ ಮೇರಿಲೆಂಡಿನಲ್ಲಿ 1925ರಲ್ಲಿ ಹುಟ್ಟಿ 2018ರಲ್ಲಿ ತೀರಿಕೊಂಡ ಲೆಫ್ಟಿ ಕ್ರೇ ಎಂಬ ಪ್ರಸಿದ್ಧ ಮೀನುಗಾರನು 1950ರ ದಶಕದ ಕೊನೆಯಲ್ಲಿ ಈ ಕೊಲ್ಲಿಯ ಪಟ್ಟೆಬಾಸಿಗಾಗಿಯೇ ಕೋಳಿಯ ನೀಳಗರಿಗಳಿಂದಲೂ ಜಿಂಕೆಯ ಕೂದಲಿನಿಂದಲೂ ಒಂದು ಹುಸಿಮೀನನ್ನು ಕಟ್ಟಿದನು. ಅದಕ್ಕೆ ಡಿಸೀವರ್, ಎಂದರೆ ವಂಚಕ, ಎಂದು ಹೆಸರಿಟ್ಟನು. 1991ರಲ್ಲಿ ಅಮೆರಿಕಾದ ಅಂಚೆಯವರು ಅದರ ಚಿತ್ರವಿರುವ ಚೀಟಿಯನ್ನು ಹೊರತಂದರು. ಆದರೆ ಅದು ಹಗುರವಾದುದು. ಮೇಲ್ನೀರಿನಲ್ಲಿ ತೇಲುವಂತೆ ಈಜುವಂತಹುದು. ಮೀನುಗಳು ಅನೇಕ ವೇಳೆ ಆಳದಲ್ಲಿ ಇರುತ್ತವೆ.

ಈ ಕೊಲ್ಲಿಗೆ ಬಂದು ಸೇರುವ ನದಿಗಳಲ್ಲೆಲ್ಲ ದೊಡ್ಡದು ಸಸ್ಕ್ವೆಹಾನಾ. ಅದರ ದಡದ ಮಿಡ್ಲ್‌ಟೌನ್ ಎಂಬ ಪೆನ್ಸಿಲ್ವೇನಿಯಾದ ಊರಿನಲ್ಲಿ ಬಾಬ್ ಕ್ಲೌಸರ್ ಎಂಬಾತನು ಮೀನುಗಾರಿಕೆಯ ಸಾಮಾನಿನ ಅಂಗಡಿ ಇಟ್ಟುಕೊಂಡು, ಬಂದವರನ್ನು ನದಿಯ ಮೇಲೆ ಕರೆದೊಯ್ಯುವ ಮಾರ್ಗದರ್ಶಿಯಾಗಿದ್ದನು. ಹೊಸದಾಗಿ ಬಂದಿದ್ದ ಸೀಸದ ಡಂಬೆಲ್ ಕಣ್ಣುಗಳನ್ನು ಆತನು ಗಾಳದ ದಂಟಿನ ಮೇಲೆ ಕಟ್ಟಿ, ಎರಡು ಬಣ್ಣದ ಕೂದಲನ್ನು ಮಾತ್ರ ಸೇರಿಸಿ, 1987ರಲ್ಲಿ ಒಂದು ಹುಸಿಮೀನನ್ನು ಸಿದ್ಧಪಡಿಸಿದನು. ಅದು ಸಿಹಿನೀರಿನ ಬಾಸ್ ಮೀನಿಗೆಂದು ಮಾಡಿದ್ದು. ಲೆಫ್ಟಿ ಕ್ರೇ ಅದನ್ನು ಕಂಡು ಮೆಚ್ಚಿ, 'ಕ್ಲೌಸರನ ಆಳದ ಮಿನ್ನೊ' ಎಂಬ ಅರ್ಥದ ಹೆಸರನ್ನಿಟ್ಟು ಪ್ರಚಾರಕ್ಕೆ ತಂದನು. ನದಿಯಲ್ಲಿ ಹುಟ್ಟಿದ ಆ ವಸ್ತುವು ಕೊಲ್ಲಿಗಿಳಿದು, ಅಲ್ಲಿಂದ ಲೋಕದ ಸಮುದ್ರಗಳಿಗೆಲ್ಲ ಹಬ್ಬಿತು. ಅದರ ನಡೆಯಲ್ಲಿಯೇ ಅದರ ಗುಟ್ಟಿದೆ. ದಾರವನ್ನು ಎಳೆದಾಗ ಮುಂದಕ್ಕೆ ನೆಗೆದು ಮೇಲೇರುತ್ತದೆ. ಎಳೆಯುವುದನ್ನು ನಿಲ್ಲಿಸಿದೊಡನೆ ತಲೆ ಭಾರವಾದುದರಿಂದ ಮೂತಿ ಮುಂದಾಗಿ ಮುಳುಗುತ್ತದೆ. ಗಾಯಗೊಂಡ ಮರಿಮೀನು ತತ್ತರಿಸುವುದೂ ಹೀಗೆಯೇ. ಹಿಂದಿನಿಂದ ಬರುವ ಹಸಿದ ಮೀನು ಆ ಮುಳುಗುವ ಕ್ಷಣದಲ್ಲಿಯೇ ಬಾಯಿ ಹಾಕುವುದು ಹೆಚ್ಚು.

ಇದನ್ನು ಕಟ್ಟುವ ಬಗೆಯನ್ನು ಹೇಳುತ್ತೇವೆ. ಉಪ್ಪುನೀರು ಕಬ್ಬಿಣವನ್ನು ತಿನ್ನುವುದರಿಂದ ತುಕ್ಕು ಹಿಡಿಯದ ಉಕ್ಕಿನ ಗಾಳವು ಬೇಕು. ಅದರ ಬಾಗನ್ನು ಇಕ್ಕಳಕ್ಕೆ ಸಿಕ್ಕಿಸಿ, ದಂಟು ಮೇಲೆ ಅಡ್ಡಲಾಗಿಯೂ ಮೊನೆ ಕೆಳಗಾಗಿಯೂ ಇರುವಂತೆ ನಿಲ್ಲಿಸತಕ್ಕದ್ದು. ದಂಟಿಗೆ ನೂಲನ್ನು ಒತ್ತಾಗಿ ಸುತ್ತಿ ಹಾಸು ಮಾಡಿಕೊಳ್ಳಬೇಕು. ಬರಿಯ ಉಕ್ಕಿನ ಮೇಲೆ ಯಾವುದೂ ನಿಲ್ಲದು. ದಾರ ಕಟ್ಟುವ ಬಳೆಯಿಂದ ದಂಟಿನ ಮೂರರಲ್ಲೊಂದು ಪಾಲು ಹಿಂದಕ್ಕೆ ಸೀಸದ ಕಣ್ಣನ್ನು ದಂಟಿನ ಮೇಲ್ಭಾಗದಲ್ಲಿ ಅಡ್ಡಲಾಗಿ ಇಡತಕ್ಕದ್ದು. ಹೊಸಬರೆಲ್ಲರೂ ಬಳೆಗೆ ಸಮೀಪವಾಗಿ ಇಟ್ಟುಬಿಡುತ್ತಾರೆ. ಆಮೇಲೆ ಕೂದಲು ಕಟ್ಟಲು ಜಾಗವಿರುವುದಿಲ್ಲ. ಕಣ್ಣನ್ನು ಮೊದಲು ಇಂಗ್ಲಿಷಿನ 8ರ ಆಕಾರದಲ್ಲಿ, ಎಡದ ಹಿಂದಿನಿಂದ ಬಲದ ಮುಂದಕ್ಕೆ, ಬಲದ ಹಿಂದಿನಿಂದ ಎಡದ ಮುಂದಕ್ಕೆ ನೂಲು ಹಾಯಿಸಿ ಬಂಧಿಸಬೇಕು. ಬಳಿಕ ಕಣ್ಣುಗಳ ಕೆಳಗೆ, ದಂಟಿನ ಮೇಲೆ, ನೂಲನ್ನು ಬಳಸಿ ಸುತ್ತಿದರೆ ಮೊದಲಿನ ಸುತ್ತುಗಳೆಲ್ಲ ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಕೊನೆಗೆ ಒಂದು ತೊಟ್ಟು ಅಂಟು.

ಭಾರವು ದಂಟಿನ ಬೆನ್ನಿನ ಮೇಲಿರುವುದರಿಂದ ಈ ಗಾಳವು ನೀರಿಗೆ ಬಿದ್ದೊಡನೆ ಮಗುಚಿಕೊಳ್ಳುತ್ತದೆ, ಮೊನೆ ಮೇಲಾಗುತ್ತದೆ. ತಳದ ಕಲ್ಲಿಗೂ ಸಿಂಪಿಗೂ ಸಿಕ್ಕಿಕೊಳ್ಳದೆ ಬರುವುದು ಇದರಿಂದಲೇ. ಆದಕಾರಣ ಕಟ್ಟುವಾಗ ಮೇಲಿರುವುದು ನೀರಿನಲ್ಲಿ ಹೊಟ್ಟೆ, ಕೆಳಗಿರುವುದು ಬೆನ್ನು. ಬಿಳಿಯ ಕೂದಲನ್ನು ಕಣ್ಣಿರುವ ಕಡೆಗೆ ಕಟ್ಟತಕ್ಕದ್ದು: ಕಣ್ಣುಗಳ ಮುಂದೆ ಬಂಧಿಸಿ, ಎರಡು ಗುಂಡುಗಳ ನಡುವಣ ಸೊಂಟದ ಮೇಲೆ ಹಾಯಿಸಿ, ಹಿಂದೆ ಮತ್ತೊಮ್ಮೆ ಬಂಧಿಸಬೇಕು. ಅನಂತರ ಗಾಳವನ್ನು ಇಕ್ಕಳದಲ್ಲಿ ಮಗುಚಿ, ಮೊನೆಯ ಕಡೆಗೆ ಮಿನುಗುವ ಎಳೆಗಳನ್ನು ಹತ್ತಿಪ್ಪತ್ತರಷ್ಟೂ ಅವುಗಳ ಮೇಲೆ ಬಣ್ಣದ ಕೂದಲನ್ನೂ ಕಣ್ಣುಗಳ ಮುಂದೆ ಮಾತ್ರ ಕಟ್ಟತಕ್ಕದ್ದು. ಒಟ್ಟು ಉದ್ದವು ಗಾಳದ ಎರಡೂವರೆ ಪಾಲು ಇದ್ದರೆ ಸಾಕು. ಕೂದಲನ್ನು ಬಾಲದ ತುದಿಯ ಕಡೆಯಿಂದ ಕತ್ತರಿಸಿಕೊಳ್ಳುವುದು ಮೇಲು; ಬುಡದ ಕಡೆಯದು ಟೊಳ್ಳಾಗಿರುವುದರಿಂದ ನೂಲು ಬಿಗಿದೊಡನೆ ಪೊರಕೆಯಂತೆ ಕೆದರಿ ನಿಲ್ಲುತ್ತದೆ. ಕೂದಲು ಕಡಿಮೆಯಾದಷ್ಟೂ ಲೇಸು. ನಾವು ಮೊದಲು ಕಟ್ಟಿದ್ದನ್ನು ನೋಡಿ ಅಳಿಯಂದಿರು ಇದು ಮೀನೋ ಸುಣ್ಣದ ಕುಂಚವೋ ಎಂದರು. ಒಳಗಿನ ಬೆಳಕು ಕಾಣುವಷ್ಟು ವಿರಳವಾಗಿದ್ದರೆ ಮಾತ್ರ ಕೂದಲು ನೀರಿನಲ್ಲಿ ಉಸಿರಾಡುವಂತೆ ಅಲುಗುತ್ತದೆ.

ಬೆನ್ನು ಗಾಢ, ಹೊಟ್ಟೆ ಬಿಳಿ ಏಕೆಂದು ಮಕ್ಕಳು ಕೇಳಬಹುದು. ಬೆಳಕು ಮೇಲಿನಿಂದ ಬೀಳುವುದರಿಂದ ಯಾವ ಪ್ರಾಣಿಗಾದರೂ ಬೆನ್ನು ಬೆಳಗಿ ಹೊಟ್ಟೆ ಕಪ್ಪಾಗಿ ಕಾಣಬೇಕು. ಬಣ್ಣವು ಅದಕ್ಕೆ ವಿಪರೀತವಾಗಿದ್ದರೆ ಬೆಳಕೂ ನೆರಳೂ ಸರಿದೂಗಿ ಶರೀರದ ಉಬ್ಬು ಮರೆಯಾಗುತ್ತದೆ. ಇದನ್ನು 1896ರಲ್ಲಿ ವಿವರಿಸಿ ಬರೆದ ಅಬಟ್ ಥೇಯರ್ ಎಂಬಾತನು ವಿಜ್ಞಾನಿಯಲ್ಲ, ಅಮೆರಿಕಾದ ಒಬ್ಬ ಚಿತ್ರಕಾರನು. ಬಣ್ಣ ಬಳಿದು ಉಬ್ಬನ್ನು ತೋರಿಸುವವನಿಗೆ ಬಣ್ಣ ಬಳಿದು ಉಬ್ಬನ್ನಡಗಿಸುವುದು ಹೊಳೆದದ್ದು ಸಹಜವೇ.

ನಾವು ಹದಿನೈದು ದಿನಗಳಲ್ಲಿ ಒಂಬತ್ತು ಹುಸಿಮೀನುಗಳನ್ನು ಕಟ್ಟಿದೆವು. ಒಂದೊಂದನ್ನೂ ಹುಡುಗನು ಬೆಳಕಿಗೆ ಹಿಡಿದು ನೋಡಿ, ಚೆನ್ನಾಗಿದೆಯೆಂದು ಇಂಗ್ಲಿಷಿನಲ್ಲಿ ಹೇಳಿ, ಒಳಗೆ ತೆಗೆದುಕೊಂಡು ಹೋಗುತ್ತಿದ್ದನು. ಶನಿವಾರ ಅಪ್ಪನೊಡನೆ ಕೊಲ್ಲಿಗೆ ಹೋಗಿ ಬರುತ್ತಿದ್ದನು. ನಮ್ಮವುಗಳಿಗೆ ಮೀನು ಬಂತೇ ಎಂದು ಕೇಳಿದರೆ, ಈ ಸಲ ಇಲ್ಲವೆನ್ನುವನು. ಒಂದು ದಿನ ಕತ್ತರಿಯನ್ನು ಹುಡುಕುತ್ತ ಅವನ ಮೇಜಿನ ಸೆಳೆಖಾನೆಯನ್ನು ಎಳೆದಾಗ ಬಿಸ್ಕತ್ತಿನ ಡಬ್ಬಿಯೊಂದು ಕಂಡಿತು. ತೆರೆದರೆ ನಮ್ಮ ಒಂಬತ್ತು ಮೀನುಗಳೂ ಒಂದರ ಪಕ್ಕದಲ್ಲೊಂದು ಸಾಲಾಗಿ ಮಲಗಿದ್ದವು. ಒಂದಕ್ಕೂ ನೀರು ಸೋಕಿರಲಿಲ್ಲ.

ಇಷ್ಟು ವರ್ಷ ಮಕ್ಕಳ ಉತ್ತರಪತ್ರಿಕೆಗಳನ್ನು ತಿದ್ದಿದ್ದೇವೆ. ತಪ್ಪು ಬರೆದ ಹುಡುಗನಿಗೆ ನೋವಾಗದಂತೆ ಕೆಂಪು ಶಾಯಿಯನ್ನು ಬಳಸುವುದು ಕಷ್ಟವೆಂದು ಬಲ್ಲೆವು. ನಮ್ಮ ಪತ್ರಿಕೆಯನ್ನು ಒಬ್ಬ ಬಾಲಕನು ತಿದ್ದಲಾರದೆ ಡಬ್ಬಿಯಲ್ಲಿ ಬಚ್ಚಿಟ್ಟಿದ್ದನ್ನು ಕಂಡು ಮುಖ ಕೆಂಪಾಯಿತೆಂದು ಒಪ್ಪಿಕೊಳ್ಳುತ್ತೇವೆ. ಅವನು ಶಾಲೆಯಿಂದ ಬಂದ ಮೇಲೆ ಡಬ್ಬಿಯನ್ನು ಮುಂದಿಟ್ಟು, ಕೋಪವಿಲ್ಲ, ಕಾರಣವನ್ನು ಹೇಳು ಎಂದೆವು. ಬಹಳ ಹೊತ್ತು ತಲೆ ತಗ್ಗಿಸಿದ್ದು, ಕೊನೆಗೆ ಒಂದನ್ನೆತ್ತಿ ಸೀಸದ ಕಣ್ಣನ್ನು ಬೆರಳಿನಿಂದ ಮುಟ್ಟಿ, 'ಅಜ್ಜ, ಕಣ್ಣು ತಿರುಗತ್ತೆ' ಎಂದನು. ಅವನು ನಮ್ಮೊಡನೆ ಆಡಿದ ಮೊದಲನೆಯ ಪೂರ್ಣ ಕನ್ನಡ ವಾಕ್ಯವು ಅದು. ಕರ್ತೃವೂ ಕ್ರಿಯೆಯೂ ಸರಿಯಾಗಿದ್ದವು, ಆರೋಪವೂ ಸರಿಯಾಗಿತ್ತು. ಕಣ್ಣು ದಂಟಿನ ಮೇಲೆ ಜಾರಿ ಓರೆಯಾಗುತ್ತಿತ್ತು. ಓರೆಗಣ್ಣಿನ ಮೀನು ನೀರಿನಲ್ಲಿ ಬುಗುರಿಯಂತೆ ಸುತ್ತಿ ದಾರವನ್ನೆಲ್ಲ ಹುರಿಗೊಳಿಸುತ್ತದೆ. ಅದನ್ನು ಕಂಡು ಯಾವ ಮೀನೂ ಬಾರದು.

ನೂಲು ಹರಿದೀತೆಂಬ ಅಂಜಿಕೆಯಿಂದ ನಾವು ಸಡಿಲವಾಗಿ ಸುತ್ತಿ, ಕೊನೆಯ ಸುತ್ತಿನಲ್ಲಿ ಮಾತ್ರ ಬಲವಾಗಿ ಎಳೆಯುತ್ತಿದ್ದೆವು. ತಪ್ಪನ್ನು ಕಂಡುಹಿಡಿದವರು ನಮ್ಮ ಗೃಹಿಣಿ. ಅವರು ಅಂದಿನವರೆಗೆ ಆ ಮೇಜಿನ ಹತ್ತಿರ ಸುಳಿದಿರಲಿಲ್ಲ. ಬಾಲ, ಕೂದಲು, ಗಾಳ ಯಾವುದೂ ಅವರಿಗೆ ಸರಿಬೀಳದು. ಅಡಿಗೆಯ ಕೋಣೆಯ ಬಾಗಿಲಿನಲ್ಲಿ ನಿಂತು ಎಲ್ಲವನ್ನೂ ಕೇಳಿ, 'ಮಲ್ಲಿಗೆಯ ದಂಡೆಯನ್ನು ಕೊನೆಯಲ್ಲಿ ಎಳೆದು ಬಿಗಿ ಮಾಡುವುದುಂಟೇ? ಒಂದೊಂದು ಹೂವಿಗೂ ಆಗಲೇ ಬಿಗಿಯಬೇಕು' ಎಂದರು. ಹುಡುಗನಿಗೆ ದಂಡೆಯೆಂದರೆ ತಿಳಿಯದು. ಅವರು ಕೈ ತೊಳೆದುಕೊಂಡು ಬಂದು ಕುಳಿತು, ಬಾಬಿನ್ನನ್ನು ಹಿಡಿದು, ಬಾಳೆಯ ನಾರನ್ನು ಎಡಗೈಯ ಬೆರಳಿನಿಂದ ಅದುಮಿ ಬಲಗೈಯಿಂದ ಕುಣಿಕೆ ಹಾಕುವಂತೆ, ಸುತ್ತಿಗೊಂದು ಸಲ ನೂಲನ್ನು ಹರಿಯುವ ಅಂಚಿನವರೆಗೆ ಎಳೆದು ನಿಲ್ಲಿಸಿ ಮುಂದಿನ ಸುತ್ತಿಗೆ ಹೋದರು. ಹದಿನಾರು ಸುತ್ತು. ಅಂಟು ಹಾಕುವ ಮೊದಲೇ ಕಣ್ಣು ಬಂಡೆಯಂತೆ ನಿಂತಿತು. ಹುಡುಗನು ಹಿಡಿದು ತಿರುಚಿ ನೋಡಿ, ಅಜ್ಜಿಯ ಮುಖವನ್ನೊಮ್ಮೆ ನೋಡಿ, ಇನ್ನೊಂದು ಗಾಳವನ್ನು ಮುಂದಿಟ್ಟನು. ಅವರು ಮೂರು ಕಣ್ಣುಗಳನ್ನು ಕಟ್ಟಿ ಎದ್ದು ಹೋಗಿ ಸ್ನಾನ ಮಾಡಿದರು.

ಅಂದು ರಾತ್ರಿ ಮಗಳು ನಮ್ಮೊಡನೆ ಬಹಳ ಹೊತ್ತು ಮಾತನಾಡಿದಳು. 'ಅಪ್ಪಯ್ಯ, ನೀವಾದರೂ ಬುದ್ಧಿ ಹೇಳಿ ಬಿಡಿಸುವಿರೆಂದಿದ್ದೆ. ನೀವೂ ಕುಳಿತು ಕಟ್ಟುತ್ತಿದ್ದೀರಿ' ಎಂದಳು. ಇದಕ್ಕೆ ನಮ್ಮಲ್ಲಿ ಸುಲಭವಾದ ಉತ್ತರವಿರಲಿಲ್ಲ. ಬಾಲ್ಯದಲ್ಲಿ ಶೃಂಗೇರಿಯಲ್ಲಿ ಓದುತ್ತಿದ್ದಾಗ ತುಂಗೆಯ ಮೆಟ್ಟಿಲುಗಳ ಮೇಲೆ ಕುಳಿತು ಮೀನುಗಳಿಗೆ ಮಂಡಕ್ಕಿ ಎರಚಿದವರು ನಾವು. ಅಲ್ಲಿ ಮೀನು ಹಿಡಿಯುವಂತಿಲ್ಲ; ಅವು ಮನುಷ್ಯನ ನೆರಳನ್ನು ಕಂಡರೆ ಓಡುವುದಿಲ್ಲ, ಹತ್ತಿರಕ್ಕೆ ಬರುತ್ತವೆ. ಅಂತಹ ಬಾಯಿಗೆ ಗಾಳವನ್ನು ನೀಡುವುದೆಂದರೆ ನಮ್ಮ ಮನಸ್ಸೂ ಹಿಂಜರಿಯುತ್ತದೆ. ಹುಡುಗನು ಮೀನು ತಿನ್ನುವವನಲ್ಲ, ಹಿಡಿದು ಬಿಟ್ಟುಬಿಡುತ್ತಾನೆ. ಆದರೆ ಬಿಟ್ಟ ಮೀನೆಲ್ಲ ಬದುಕುವುದೇ?

ಮರುದಿನ ಇದನ್ನೇ ಅವನೆದುರಿಗೆ ಪ್ರಶ್ನೆಯಾಗಿ ಇಟ್ಟೆವು, ಉತ್ತರವನ್ನು ಹೇಳಲಿಲ್ಲ. ಇಬ್ಬರೂ ಕೂಡಿ ಹುಡುಕಿದೆವು. ಆ ಕರಾವಳಿಯ ಸಂಸ್ಥಾನಗಳೆಲ್ಲ ಸೇರಿ ನಡೆಸುವ ಅಟ್ಲಾಂಟಿಕ್ ಸಮುದ್ರಮೀನುಗಾರಿಕೆಯ ಆಯೋಗವು, ವಿನೋದಕ್ಕಾಗಿ ಹಿಡಿದು ಬಿಟ್ಟ ಪಟ್ಟೆಬಾಸುಗಳಲ್ಲಿ ನೂರಕ್ಕೆ ಒಂಬತ್ತು ಸಾಯುವುವೆಂದು ಲೆಕ್ಕ ಹಿಡಿಯುತ್ತದೆ. ಮೇರಿಲೆಂಡಿನವರು 1954ರಿಂದ ಪ್ರತಿ ವರ್ಷವೂ ಮರಿಗಳನ್ನು ಬಲೆಯೆಳೆದು ಎಣಿಸುತ್ತ ಬಂದಿದ್ದಾರೆ. ಒಂದು ಎಳೆತಕ್ಕೆ ಸರಾಸರಿ ಹನ್ನೊಂದರಷ್ಟು ಸಿಕ್ಕುತ್ತಿದ್ದುದು 2023ರಲ್ಲಿ ಒಂದಕ್ಕೂ 2024ರಲ್ಲಿ ಎರಡಕ್ಕೂ ಇಳಿಯಿತು. ಹಿಂದೊಮ್ಮೆ ಈ ಮೀನು ತೀರ ಕಡಿಮೆಯಾಗಿ 1985ರಿಂದ 1990ರವರೆಗೆ ಆ ಪ್ರಾಂತದಲ್ಲಿ ಹಿಡಿಯುವುದನ್ನೇ ನಿಲ್ಲಿಸಿದ್ದರು. ಹುಡುಗನು ತಾನು ಹಿಡಿದುದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡುವವನು. ತೆಗೆದು ಎಣಿಸಿದನು, ಆ ವರ್ಷ ಇಪ್ಪತ್ತೆರಡು. ನೂರಕ್ಕೆ ಒಂಬತ್ತರಂತೆ ಇಪ್ಪತ್ತೆರಡಕ್ಕೆ ಎಷ್ಟೆಂದು ಕಾಗದದ ಮೇಲೆ ಗುಣಿಸಿ, ಎರಡು ಎಂದು ಬರೆದು, ಅದರ ಸುತ್ತ ಒಂದು ವೃತ್ತವನ್ನೆಳೆದು ಸುಮ್ಮನೆ ಕುಳಿತನು. ನಾವೂ ಸುಮ್ಮನಿದ್ದೆವು. ಆಮೇಲೆ ಅವನೇ ಎದ್ದು ಸಣ್ಣ ಇಕ್ಕಳವನ್ನು ತಂದು, ಪೆಟ್ಟಿಗೆಯಲ್ಲಿದ್ದ ಗಾಳಗಳ ಒಳಮುಳ್ಳುಗಳನ್ನೆಲ್ಲ ಒಂದೊಂದಾಗಿ ಒತ್ತಿ ಚಪ್ಪಟೆ ಮಾಡಿದನು. ಮುಳ್ಳಿಲ್ಲದ ಗಾಳವು ಬೇಗನೆ ಬಿಡುತ್ತದೆ. ನೀರು ಬಿಸಿಯಾಗಿರುವ ದಿನಗಳಲ್ಲಿ ಹಿಡಿಯುವುದಿಲ್ಲ, ಮೀನನ್ನು ನೀರಿನಿಂದ ಮೇಲೆತ್ತುವುದಿಲ್ಲ, ದಿನಕ್ಕೆ ಎರಡಾದ ಮೇಲೆ ಕೋಲು ಮಡಿಸುವುದು ಎಂದು ಪುಸ್ತಕದ ಮೊದಲ ಹಾಳೆಯಲ್ಲಿ ಬರೆದುಕೊಂಡನು. ಮಗಳಿಗೆ 'ಪೂರ್ತಿ ಬಿಡಿಸಲು ನಮ್ಮಿಂದಾಗಲಿಲ್ಲ' ಎಂದೆವು. ಅವಳು ಆ ಹಾಳೆಯನ್ನು ಓದಿ ಏನೂ ಹೇಳಲಿಲ್ಲ; ಶನಿವಾರ ಬೆಳಿಗ್ಗೆ ನಮಗೆಲ್ಲ ಅವಲಕ್ಕಿಯನ್ನು ಕಟ್ಟಿಕೊಟ್ಟಳು.

ಅಕ್ಟೋಬರಿನ ಕೊನೆಯ ವಾರ. ಅನಾಪೊಲಿಸ್ ನಗರದ ಹತ್ತಿರ, ಕೊಲ್ಲಿಯ ಮಹಾಸೇತುವೆಯ ಬುಡದಲ್ಲಿರುವ ಸ್ಯಾಂಡಿ ಪಾಯಿಂಟ್ ಎಂಬ ಸರ್ಕಾರದ ಉದ್ಯಾನಕ್ಕೆ ಬೆಳಕು ಹರಿಯುವ ಮುನ್ನ ಹೋದೆವು. ನಮ್ಮನ್ನು ಬೀಸುವವರ ಹಿಂದೆ ಬಹುದೂರ ನಿಲ್ಲಿಸಿದರು. ಕನ್ನಡಕವನ್ನೂ ಟೊಪ್ಪಿಗೆಯನ್ನೂ ತೆಗೆಯಕೂಡದೆಂದು ಕಟ್ಟಪ್ಪಣೆ. ಹತ್ತು ಗುಲಗಂಜಿಯ ತೂಕದ ಸೀಸವು ಚಾವಟಿಯ ವೇಗದಿಂದ ಬಂದರೆ ಏನಾಗುವುದೆಂಬುದಕ್ಕೆ ಅಳಿಯಂದಿರ ಟೊಪ್ಪಿಗೆಯಲ್ಲೊಂದು ರಂಧ್ರವು ಸಾಕ್ಷಿ. ಹಗುರವಾದ ನೊಣವನ್ನು ಬೀಸುವಂತೆ ಇದನ್ನು ಬೀಸಲಾಗದು. ಸುರುಳಿಯನ್ನು ಅಗಲ ಮಾಡಿ, ನಿಧಾನವಾಗಿ, ಭಾರವು ಹಿಂದಕ್ಕೆ ಹೋಗಿ ನಿಂತುದನ್ನು ಕೈಯಲ್ಲಿ ಅರಿತು ಮುಂದಕ್ಕೆ ತರಬೇಕು. ಹುಡುಗನು ಪೆಟ್ಟಿಗೆಯನ್ನು ತೆರೆದು, ಅಜ್ಜಿ ಕಣ್ಣು ಕಟ್ಟಿ ನಾವು ಕೂದಲು ಕಟ್ಟಿದ್ದ ಒಂದನ್ನು ಆರಿಸಿ, ನಮಗೆ ಕಾಣುವಂತೆ ಎತ್ತಿ ತೋರಿಸಿ ದಾರಕ್ಕೆ ಕಟ್ಟಿದನು.

ಏಳೆಂಟು ಸಲ ಬರಿದಾಗಿ ಬಂತು. ಆಮೇಲೆ ದಾರವು ನಿಂತಲ್ಲಿಯೇ ನಿಂತಿತು, ಕೋಲು ಬಿಲ್ಲಾಯಿತು. ಹುಡುಗನು ಕೂಗಲಿಲ್ಲ. ಮೊಣಕಾಲುದ್ದದ ನೀರಿನಲ್ಲಿ ನಿಂತು ದಾರವನ್ನು ಕೊಟ್ಟು, ಸೆಳೆದು, ಕೊಟ್ಟು, ಕೊನೆಗೆ ಬಾಗಿ ಒದ್ದೆಯ ಕೈಯಿಂದ ಹಿಡಿದನು. ನಾವು ಅಪ್ಪಣೆಯನ್ನು ಮೀರಿ ಹತ್ತಿರ ಹೋಗಿ ನೋಡಿದೆವು. ಬೆಳ್ಳಿಯ ಮೈ, ಕರಿಯ ಗೆರೆಗಳು, ಹದಿನಾರಂಗುಲವಿದ್ದಿರಬಹುದು. ಆ ವರ್ಷದ ಹೊಸ ನಿಯಮದಂತೆ ಕೊಲ್ಲಿಯಲ್ಲಿ 19ರಿಂದ 24 ಅಂಗುಲದೊಳಗಿನದನ್ನು ಮಾತ್ರ ಇಟ್ಟುಕೊಳ್ಳಬಹುದಾಗಿದ್ದಿತು. ಇದು ಹೇಗೂ ಬಿಡತಕ್ಕದ್ದೇ. ಗಾಳವು ಎರಡು ಬೆರಳಿನಲ್ಲಿ ಕಳಚಿ ಬಂತು. ಮೀನು ಒಂದು ಕ್ಷಣ ಅವನ ಕೈಯ ಮೇಲೆಯೇ ನಿಂತಿದ್ದು, ಬಾಲವನ್ನೊಮ್ಮೆ ಹೊಡೆದು ನಮ್ಮ ಮುಖಕ್ಕೆಲ್ಲ ಉಪ್ಪುನೀರನ್ನೆರಚಿ ಹೋಯಿತು. ಅದು ತೊಂಬತ್ತೊಂದರಲ್ಲಿ ಒಂದೋ ಒಂಬತ್ತರಲ್ಲಿ ಒಂದೋ ನಮಗೆ ತಿಳಿಯಲಿಲ್ಲ. ಹುಡುಗನೂ ಅದನ್ನೇ ಯೋಚಿಸುತ್ತಿದ್ದನೆಂದು ತೋರುತ್ತದೆ. ನೀರನ್ನು ಬಹಳ ಹೊತ್ತು ನೋಡುತ್ತಿದ್ದನು.

ಮತ್ತೆರಡು ಬೀಸಿಗೆ ದಾರದ ತುದಿಯು ಕಲ್ಲಿನ ಹರಿತಕ್ಕೆ ಉಜ್ಜಿ ಕಡಿಯಿತು. ಹುಸಿಮೀನು ತನ್ನ ಸೀಸದ ಕಣ್ಣುಗಳೊಡನೆ ತಳದಲ್ಲಿ ಉಳಿಯಿತು. ಮನೆಗೆ ಬರುವ ದಾರಿಯಲ್ಲಿ ನಮ್ಮ ಯೋಚನೆಯೆಲ್ಲ ಆ ಸೀಸದ ಮೇಲೆ. ನಮ್ಮ ರಸಶಾಸ್ತ್ರಕಾರರು ಸೀಸಕ್ಕೆ ನಾಗವೆಂದು ಹಾವಿನ ಹೆಸರನ್ನಿಟ್ಟಿದ್ದಾರೆ. ಕೆರೆಗಳ ತಳದಲ್ಲಿ ಬಿದ್ದ ಸೀಸದ ಗುಂಡನ್ನು ಕಲ್ಲಿನ ಹರಳೆಂದು ನುಂಗಿ ಅಮೆರಿಕಾದಲ್ಲಿ ಲೂನ್ ಎಂಬ ಜಲಪಕ್ಷಿಗಳೂ ಇಂಗ್ಲೆಂಡಿನಲ್ಲಿ ಹಂಸಗಳೂ ಸತ್ತಿವೆ. ಕ್ಲೌಸರನು ತನ್ನ ಮೀನಿಗೆ ಸೀಸದ ಕಣ್ಣನ್ನು ಕಟ್ಟಿದ ಆ 1987ರಲ್ಲಿಯೇ ಬ್ರಿಟನ್ನಿನಲ್ಲಿ ಗಾಳಗಾರರ ಸಣ್ಣ ಸೀಸದ ಗುಂಡುಗಳ ಮಾರಾಟವನ್ನು ನಿಷೇಧಿಸಿದರು. ಅಮೆರಿಕಾದ ಈಶಾನ್ಯದ ಕೆಲವು ಸಂಸ್ಥಾನಗಳೂ ಮುಂದೆ ಅಂತಹ ಕಾನೂನುಗಳನ್ನು ಮಾಡಿದವು. ಈಗ ಹಿತ್ತಾಳೆಯ ಕಣ್ಣುಗಳೂ ಟಂಗ್‌ಸ್ಟನ್ ಎಂಬ ಲೋಹದವೂ ದೊರೆಯುತ್ತವೆ. ನೀರಿಗಿಂತ ಸೀಸವು ಹನ್ನೊಂದು ಪಾಲು ಭಾರ, ಹಿತ್ತಾಳೆ ಎಂಟೂವರೆ, ಟಂಗ್‌ಸ್ಟನ್ನು ಹತ್ತೊಂಬತ್ತು. ಬೆಲೆಯೂ ಅದಕ್ಕೆ ತಕ್ಕಂತೆ. ಸೀಸವನ್ನು ಮುಟ್ಟಿದ ಮಕ್ಕಳು ಕೈ ತೊಳೆಯದೆ ಏನನ್ನೂ ತಿನ್ನಕೂಡದು, ಹಲ್ಲಿನಿಂದ ಕಚ್ಚಲೇ ಕೂಡದು. ಪಾತ್ರೆಗೆ ಕಲಾಯಿ ಹಾಕಿಸುವ ಮನೆಯವರು ತವರದಲ್ಲಿ ಸೀಸದ ಬೆರಕೆಯಿಲ್ಲವೆಂಬುದನ್ನು ನೋಡಿಕೊಳ್ಳುವುದೂ ಇದೇ ಕಾರಣಕ್ಕೆ.

ಊರಿಗೆ ಹಿಂದಿರುಗಿದ ಮೇಲೂ ಈ ಕೆಲಸವನ್ನು ಬಿಟ್ಟಿಲ್ಲ. ಬರುವ ಡಿಸೆಂಬರಿನಲ್ಲಿ ಹುಡುಗನು ಬರುತ್ತಾನೆ. ಮಲ್ಪೆಯ ಕಡಲನ್ನು ನೋಡಬೇಕಂತೆ. ಆರು ಹುಸಿಮೀನುಗಳನ್ನು ಕಟ್ಟಿಡಬೇಕೆಂದು ದೂರವಾಣಿಯಲ್ಲಿ ಹೇಳಿದ್ದಾನೆ, ಕನ್ನಡದಲ್ಲಿಯೇ. ಕಣ್ಣು ಅಜ್ಜಿಯೇ ಕಟ್ಟಬೇಕೆಂಬುದು ಷರತ್ತು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಕಾಯಿದೆಯಿರುವುದರಿಂದ ಜಿಂಕೆಯ ಕೂದಲನ್ನು ಯಾರೂ ಹುಡುಕಹೋಗಬಾರದು. ನಾವು ಬಿಳಿಯ ಮೇಕೆಯ ಕೂದಲನ್ನು ತಂದಿಟ್ಟಿದ್ದೇವೆ. ಕಣ್ಣಿಗೆ ಗುಂಡುಸರಪಳಿಯ ಗುಂಡುಗಳನ್ನು ಎರಡೆರಡಾಗಿ ಕತ್ತರಿಸಿಕೊಂಡರೆ ಆಳವಿಲ್ಲದ ನೀರಿಗೆ ಸಾಕಾಗುತ್ತದೆ. ಪಾತ್ರೆ ತೊಳೆಯುವ ತೊಟ್ಟಿಯ ಬಿರಡೆಗೆ ಕಟ್ಟಿದ್ದ ಅಂತಹ ಸರಪಳಿಯೊಂದು ನಮ್ಮ ಅಡಿಗೆಯ ಮನೆಯಲ್ಲಿಯೇ ಇದ್ದಿತು. ಅದೇಕೆ ಮೋಟಾಯಿತೆಂದು ನಮ್ಮ ಗೃಹಿಣಿ ನಿನ್ನೆ ಕೇಳಿದರು. ಆರು ಜೊತೆಗೆ ಹನ್ನೆರಡು ಗುಂಡು ಬೇಕು, ಸಿಕ್ಕಿರುವುದು ಎಂಟು.